ಎಡಗಡೆಯ ಕೆಮ್ಮು

ಆ ಭಾನುವಾರ ಸಂಜೆ ಗುಂಡ್ಲುಪೇಟೆಯ ಕಾಲೇಜು ಮೈದಾನದಲ್ಲಿ ಎಂದಿನಂತೆ ನಾವು ಮೂವರಿದ್ದೆವು. ಮಾದೇವ ಎಡಗಡೆಯ ಗೆರೆಯ ಹತ್ತಿರ ನಿಂತು ಚೆಂಡನ್ನು ಎತ್ತಿ ಒದೆಯುತ್ತಿದ್ದ. ಅವನ ಮಗಳು ಭವ್ಯ ಗೋಲಿನ ಮುಂದೆ ಓಡಿಬಂದು ತಲೆಯಿಂದಲೋ ಕಾಲಿನಿಂದಲೋ ಅದನ್ನು ಒಳಗೆ ತಳ್ಳುತ್ತಿದ್ದಳು. ನಾನು ಕಲ್ಲುಬೆಂಚಿನ ಮೇಲೆ ಕುಳಿತು ಕಡಲೆಕಾಯಿ ತಿನ್ನುತ್ತಾ ಇಬ್ಬರಿಗೂ ಬುದ್ಧಿ ಹೇಳುತ್ತಿದ್ದೆ. ಎಡ ಮೊಣಕಾಲು ಸವೆದ ಮೇಲೆ ನನಗೆ ಉಳಿದಿದ್ದ ಕೆಲಸ ಅದೊಂದೇ.

“ಅಲ್ಯಾಕಮ್ಮಿ ಓಡ್ತೀಯೆ? ಚೆಂಡು ಬರೋ ಕಡೀಕೆ ಮೊದ್ಲೇ ಓಗಿ ನಿಂತ್ಕೊ,” ಅಂದೆ.

“ನೀವು ನಿಂತೂ ನಿಂತೂ ಬೆಂಚಿಗೇ ಬಂದ್ರಿ ದೊಡ್ಡಪ್ಪ,” ಅಂದಳು ಭವ್ಯ.

ಮಾದೇವ ಈ ಮಾತಿಗೆಲ್ಲ ತಲೆ ಹಾಕುವವನಲ್ಲ. ಚೆಂಡನ್ನು ಪಾದದಲ್ಲಿ ಸ್ವಲ್ಪ ಹೊರಳಿಸಿ, ಒಂದು ಸಲ ಕೆಮ್ಮಿ, ಒದ್ದ. ಚೆಂಡು ಅವಳ ಹಣೆಗೆ ಹೇಳಿ ಮಾಡಿಸಿದಂತೆ ಬಂತು. ಆದರೆ ಆ ಕೆಮ್ಮು ಕೇಳಿದ ಕೂಡಲೇ ಬೆಂಚಿನ ಮೇಲಿದ್ದ ನನ್ನ ಬಲಗಾಲು ತಾನಾಗಿಯೇ ಎದ್ದು, ಕಡಲೆಕಾಯಿ ಪೊಟ್ಟಣ ನೆಲಕ್ಕೆ ಬಿತ್ತು. ಅಪ್ಪ ಮಗಳು ಇಬ್ಬರೂ ನಕ್ಕರು. ಯಾಕೆ ನಕ್ಕರು ಎಂಬುದನ್ನು ಮುಂದೆ ಹೇಳುತ್ತೇನೆ.

ಮುಂದಿನ ತಿಂಗಳು ಚಾಮರಾಜನಗರದಲ್ಲಿ ಜಿಲ್ಲೆಯ ಹುಡುಗಿಯರ ತಂಡಕ್ಕೆ ಆಯ್ಕೆ ಇತ್ತು. ಭವ್ಯಳಿಗೆ ಅದರಲ್ಲಿ ಮಧ್ಯದಲ್ಲಿ ನಿಂತು ಗೋಲು ಹೊಡೆಯುವ ಸೆಂಟರ್ ಫಾರ್ವರ್ಡ್ ಆಗಬೇಕೆಂಬ ಆಸೆ. ದ್ವಿತೀಯ ಪಿಯುಸಿ ಪುಸ್ತಕವನ್ನು ಅವಳು ಓದುತ್ತಿದ್ದಳೋ ಇಲ್ಲವೋ, ಸಂಜೆ ಮೈದಾನ ತಪ್ಪಿಸುತ್ತಿರಲಿಲ್ಲ. ಅವತ್ತು ಕತ್ತಲಾಗುವ ಮುಂಚೆ ಹೊರಟೆವು. ಚೆಂಡು ಮೆತ್ತಗಾಗಿತ್ತು. ನಮ್ಮ ಬೀದಿಯ ತಿರುವಿನಲ್ಲಿ ಮಾದೇವ ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, “ನಾಳೀಕೆ ಪಂಪ್ ತಕ್ಕಂಡ್ ಬಾಲಾ,” ಅಂದ.

ಮಾರನೆಯ ಬೆಳಿಗ್ಗೆ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದ ಮಾದೇವ ಎದೆ ಹಿಡಿದುಕೊಂಡು ಅಲ್ಲೇ ಕುಳಿತನಂತೆ. ಆಸ್ಪತ್ರೆ ಮುಟ್ಟಲಿಲ್ಲ. ನಾನು ಹಿಂದಿನ ರಾತ್ರಿಯೇ ಸೈಕಲ್ ಅಂಗಡಿಯಿಂದ ಪಂಪ್ ಕೇಳಿ ತಂದು ಜಗಲಿಯ ಮೇಲಿಟ್ಟಿದ್ದೆ. ಹಲ್ಲುಜ್ಜುತ್ತಿದ್ದಾಗ ಸುದ್ದಿ ಬಂತು.

ತಿಥಿ ಕಳೆದ ಮೇಲೆ ಒಂದು ಸಂಜೆ ಅವರ ಮನೆಗೆ ಹೋದೆ. ಮಾದೇವನ ಹೆಂಡತಿ ಶಿವಮ್ಮ ಒಳಗಿನಿಂದ ಕಾಫಿ ತಂದುಕೊಟ್ಟು, ಮೆಲ್ಲಗೆ, “ಚೆಂಡ ಅಟ್ಟಕ್ಕೆಸ್ದುಬುಟ್ಟವಳೆ ಭಾವ. ನೀವೊಸಿ ಯೋಳಿ,” ಅಂದಳು.

ಭವ್ಯಳನ್ನು ಕರೆದು ಕೇಳಿದೆ.

“ನಾನು ಸೆಲೆಕ್ಷನ್‌ಗೆ ಓಗಕ್ಕಿಲ್ಲ ದೊಡ್ಡಪ್ಪ. ಅಪ್ಪ ಇಲ್ದೆ ನಂಗೆ ಚೆಂಡ ಕೊಡೋರ್ಯಾರು?”

ಅದೇ ಪ್ರಶ್ನೆಯನ್ನು ನಾನೂ ಕೇಳಿಕೊಳ್ಳುತ್ತಾ ಅಲ್ಲಿಗೆ ಹೋಗಿದ್ದೆ. ಎಸ್ಸೆಸ್ಸೆಲ್ಸಿಗೇ ಶಾಲೆ ಬಿಟ್ಟವನು ನಾನು. ದೊಡ್ಡ ಮಾತು ಹೇಳಿ ಸಮಾಧಾನ ಮಾಡಲು ಬರುವುದಿಲ್ಲ. ಹಾಗಾಗಿ ದಿನಾ ಸಂಜೆ ಹೋಗಿ ಅವರ ಜಗಲಿಯ ಮೇಲೆ ಕುಳಿತು ನಮ್ಮ ಹಳೆಯ ಆಟದ ಕಥೆಗಳನ್ನು ಹೇಳತೊಡಗಿದೆ. ಈಗ ಬರೆಯುತ್ತಿರುವುದೂ ಅವನ್ನೇ. ಗೋಲು ಹೊಡೆಯುವ ಕೆಲಸಕ್ಕೆ ಬರುವ ಬೇರೆ ಹುಡುಗ ಹುಡುಗಿಯರಿಗೂ ಉಪಯೋಗವಾದರೆ ಆಗಲಿ. ಗೆದ್ದ ಕಪ್ಪುಗಳ ವಿಷಯ ಬರೆಯುವುದಿಲ್ಲ. ಒಂದರಲ್ಲಿ ಶಿವಮ್ಮ ರವೆ ತುಂಬಿಟ್ಟಿದ್ದಾಳೆ, ಉಳಿದವು ಎಲ್ಲಿವೆಯೋ ತಿಳಿಯದು. ಎಷ್ಟು ಗೋಲು ಹೊಡೆದಿದ್ದೀರಿ ಎಂದೂ ಕೇಳಬೇಡಿ. ನಾನು ಎಣಿಸಲಿಲ್ಲ. ಎಣಿಸಿದವರು ಹೇಳುವ ಸಂಖ್ಯೆ ಪ್ರತಿವರ್ಷ ಏರುತ್ತದೆ, ನಾನು ಆಡುವುದನ್ನು ನಿಲ್ಲಿಸಿದ ಮೇಲೂ ಏರುತ್ತಲೇ ಇದೆ.

ನಾನು ಮತ್ತು ಮಾದೇವ ಗುಂಡ್ಲುಪೇಟೆಯ ತರಕಾರಿ ಮಾರ್ಕೆಟ್ಟಿನಲ್ಲಿ ಹಮಾಲಿಗಳು. ಕೇರಳಕ್ಕೆ ಹೋಗುವ ಲಾರಿಗಳಿಗೆ ಎಲೆಕೋಸು, ಕುಂಬಳ, ಕಲ್ಲಂಗಡಿ ತುಂಬುವುದು ನಮ್ಮ ಕೆಲಸ. ಈರುಳ್ಳಿಯನ್ನು ಮೂಟೆಯಲ್ಲಿ ಹೊರಬೇಕು, ಆದರೆ ಕೋಸನ್ನು ಎಸೆಯುವುದೇ ಪದ್ಧತಿ. ಒಬ್ಬ ಕೆಳಗೆ ರಾಶಿಯ ಹತ್ತಿರ ನಿಲ್ಲುತ್ತಾನೆ, ಇನ್ನೊಬ್ಬ ಲಾರಿಯ ಮೇಲೆ. ಮೇಲಿನವನು ಬೆನ್ನು ಹಾಕಿಕೊಂಡು ಕೋಸು ಜೋಡಿಸುತ್ತಿರುತ್ತಾನೆ. ಕೆಳಗಿನವನು “ಇಡ್ಕೊ” ಅಂದು ಎಸೆದರೆ ಮೇಲಿನವನು ತಿರುಗುವಷ್ಟರಲ್ಲಿ ಕೈಗಳು ಎದ್ದಿರಬೇಕು, ಕೋಸು ಕೈಯೊಳಗೆ ಬಂದಿರಬೇಕು. ನೋಡಿಕೊಂಡು ಹಿಡಿಯುತ್ತೇನೆಂದರೆ ಲಾರಿ ತುಂಬುವುದಿಲ್ಲ. ಕೆಳಗೆ ಯಾವಾಗಲೂ ಮಾದೇವ, ಮೇಲೆ ಯಾವಾಗಲೂ ನಾನು. ಅವನು ನನ್ನ ಕೈ ಇರುವ ಕಡೆಗೆ ಎಸೆಯುತ್ತಿರಲಿಲ್ಲ, ಕೈ ಬರಲಿರುವ ಕಡೆಗೆ ಎಸೆಯುತ್ತಿದ್ದ.

ಒಂದು ದಿನ ನನ್ನ ಎರಡೂ ಕೈಯಲ್ಲಿ ಕೋಸಿದ್ದಾಗಲೇ ಇನ್ನೊಂದು ಬಂತು. ಬೇರೆ ದಾರಿ ಕಾಣದೆ ಹಣೆಯಿಂದ ಹೊಡೆದೆ. ಅದು ಹೋಗಿ ಸಾಲಿನಲ್ಲಿ ಖಾಲಿಯಿದ್ದ ಜಾಗದಲ್ಲೇ ಕುಳಿತಿತು. ಕೆಳಗೆ ನಿಂತು ಬೀಡಿ ಸೇದುತ್ತಿದ್ದ ಕೇರಳದ ಬತ್ತೇರಿಯ ತರಕಾರಿ ವ್ಯಾಪಾರಿ ಹಂಸಾಕ ಬೀಡಿ ಬಿಸಾಡಿದ.

“ಎಂದಾ ಅದು? ಏನದು? ಇನ್ನೊಂದು ಮಾಡು ನೋಡುವಾ,” ಅಂದ.

ಇನ್ನೊಂದು ಮಾಡಿದೆ. ಮತ್ತೊಂದು ಮಾಡಿದೆ. ಮೂರನೆಯ ಕೋಸು ಒಡೆದು ಎರಡು ಹೋಳಾಯಿತು. ಅದನ್ನು ಹಂಸಾಕ ತಾನೇ ಎತ್ತಿಕೊಂಡು, “ಭಾನುವಾರ ಇಬ್ಬರೂ ಲಾರಿಯಲ್ಲಿ ಬನ್ನಿ. ಕೋಸು ಇಳಿಸಿದ ಮೇಲೆ ಕೆಲಸ ಉಂಟು,” ಅಂದ. ನನಗೆ ಸಂಜೆಯವರೆಗೆ ತಲೆ ಸುತ್ತುತ್ತಿತ್ತು. ಹುಡುಗರಿಗೆ ನನ್ನ ಮೊದಲ ಮಾತು: ಹೆಡರ್ ಕಲಿಯುವುದಾದರೆ ಚೆಂಡಿನಲ್ಲೇ ಕಲಿಯಿರಿ.

ಗಡಿಯಾಚೆ ವಯನಾಡಿನಲ್ಲಿ ಕೊಯ್ಲಾದ ಗದ್ದೆಗಳಲ್ಲಿ ಸೆವೆನ್ಸ್ ಫುಟ್‌ಬಾಲ್ ಪಂದ್ಯ ನಡೆಯುತ್ತದೆ. ಒಂದೊಂದು ತಂಡಕ್ಕೆ ಏಳೇ ಜನ. ಸುತ್ತ ಬಿದಿರು ಕಟ್ಟಿದ ಗ್ಯಾಲರಿ, ಮುರಿದು ಬೀಳುವಷ್ಟು ಜನ. ತಂಡದವರು ತಮ್ಮೂರಿನವರು ಸಾಲದು ಅನ್ನಿಸಿದಾಗ ಹೊರಗಿನಿಂದ ಆಟಗಾರರನ್ನು ಕರೆಸುತ್ತಾರೆ. ಹಂಸಾಕನಿಗೆ ಅಂಥದೊಂದು ತಂಡವಿತ್ತು. ಹೊರಗಿನವರು ಎಷ್ಟು ದೂರದವರಾದರೆ ಅಷ್ಟು ಜನ ಸೇರುತ್ತಾರೆ ಎಂಬುದು ಅವನ ನಂಬಿಕೆ. ಗುಂಡ್ಲುಪೇಟೆ ಅವನಿಗೆ ತೀರಾ ಹತ್ತಿರವಾಯಿತು. ಹಾಗಾಗಿ ಮೊದಲನೇ ಪಂದ್ಯಕ್ಕೆ ಮೈಕಿನವನು ನನ್ನನ್ನು ‘ಗೋವಾದ ಡಿಸೋಜ’ ಎಂದು ಪರಿಚಯಿಸಿದ. ಮಾದೇವನನ್ನು ಡಿಸೋಜನ ತಮ್ಮ ಎಂದ. ನಾನು ಕುಳ್ಳಗೆ ಗುಂಡಗೆ, ಅವನು ಬೀನ್ಸ್ ಕಾಯಿಯಂತೆ ಉದ್ದಕ್ಕೆ.

“ಬಾಯಿ ಬಿಡಬೇಡ ಮೋನೇ, ಗೋಲು ಮಾತ್ರ ಹೊಡಿ,” ಎಂದು ಹಂಸಾಕ ಕಟ್ಟುನಿಟ್ಟು ಮಾಡಿದ್ದ. ಮೋನೇ ಎಂದರೆ ಮಗನೇ.

ಗೋಲು ಬಿದ್ದಿತು. ವಿರಾಮದಲ್ಲಿ ಮೈಕಿನವನು ಓಡಿಬಂದು ಗೋವಾ ಭಾಷೆಯಲ್ಲಿ ನಾಲ್ಕು ಮಾತಾಡಿ ಎಂದು ಮೈಕನ್ನು ಬಾಯಿಗೆ ಹಿಡಿದ. ನಾನು ಮಾದೇವನ ಮುಖ ನೋಡಿದೆ. ಜೀವನದಲ್ಲಿ ಮೈಕು ಮುಟ್ಟದ ಆ ಮನುಷ್ಯ ಮೈಕನ್ನು ತನ್ನ ಕಡೆಗೆ ಎಳೆದುಕೊಂಡು, “ನಮ್ಮಣ್ಣಂಗೆ ಮೌನವ್ರತ,” ಅಂದ. ಅದೂ ಅಚ್ಚ ಕನ್ನಡದಲ್ಲಿ. ಗ್ಯಾಲರಿಯಲ್ಲಿ ಅಂದು ನಮ್ಮ ಜೊತೆ ಕೋಸು ಇಳಿಸಿದ್ದ ಬತ್ತೇರಿ ಮಾರ್ಕೆಟ್ಟಿನ ಹಮಾಲಿಗಳೂ ಕುಳಿತಿದ್ದರು. ಅವರಲ್ಲೊಬ್ಬ ಎದ್ದು ನಿಂತು, “ಎಡಾ, ಅದು ನಮ್ಮ ಮುಟ್ಟಕೋಸ್,” ಎಂದು ಕೂಗಿದ. ಮಲಯಾಳದಲ್ಲಿ ಎಲೆಕೋಸಿಗೆ ಮುಟ್ಟಕೋಸ್ ಅನ್ನುತ್ತಾರೆ. ಡಿಸೋಜ ಅಲ್ಲೇ ಸತ್ತ. ಅಂದಿನಿಂದ ಆಟ ಬಿಡುವವರೆಗೂ ಆ ಕಡೆಯ ಗದ್ದೆಗಳಲ್ಲೆಲ್ಲ ನಾನು ಮುಟ್ಟಕೋಸ್. ಗೋಲು ಹೊಡೆದರೆ ಮುಟ್ಟಕೋಸ್ ಎಂದು ಕುಣಿಯುತ್ತಿದ್ದರು, ತಪ್ಪಿಸಿದರೆ ಕೊಳೆತ ಮುಟ್ಟಕೋಸ್ ಎನ್ನುತ್ತಿದ್ದರು. ಎರಡಕ್ಕೂ ತಿರುಗಿ ನೋಡಬಾರದು. ಇದು ಎರಡನೇ ಮಾತು.

ಹಂಸಾಕ ನನಗಿದ್ದ ಒಬ್ಬನೇ ಮೇಲಧಿಕಾರಿ. ಚೆಂಡನ್ನು ಅವನು ಒಂದು ಸಲವೂ ಒದ್ದದ್ದನ್ನು ನಾನು ನೋಡಿಲ್ಲ. ಆದರೆ ನನಗೆ ಕಸುಬು ಕಲಿಸಿದ್ದು ಅವನೇ. “ನೀನು ಓಡಬೇಡ ಮೋನೇ. ಓಡಲಿಕ್ಕೆ ಬೇರೆ ಜನ ಉಂಟು. ಬಸ್ಸಿಗೆ ಕಾಯುವವನ ಹಾಗೆ ನಿಲ್ಲು,” ಅನ್ನುತ್ತಿದ್ದ. ಗೋಲು ಹೊಡೆಯುವ ಸ್ಟ್ರೈಕರನ ಕೆಲಸ ಬಹುಪಾಲು ನಿಲ್ಲುವುದೇ. ನಿಮ್ಮನ್ನು ಕಾಯುವ ಡಿಫೆಂಡರನ ಭುಜದ ಹಿಂದೆ, ಅವನು ಕತ್ತು ತಿರುಗಿಸದೆ ಕಾಣಿಸದ ಜಾಗದಲ್ಲಿ ನಿಲ್ಲಬೇಕು. ಮುಖದಲ್ಲಿ ಬೇಜಾರು ಇರಬೇಕು. ಸೊಂಟಕ್ಕೆ ಕೈ ಕೊಟ್ಟರೆ ಇನ್ನೂ ಒಳ್ಳೆಯದು. ನಾನು ಇದಕ್ಕೆ ನನ್ನದೊಂದು ಉಪಾಯ ಸೇರಿಸಿಕೊಂಡೆ. ಡಿಫೆಂಡರನ ಹತ್ತಿರ ಸ್ನೇಹದಿಂದ, “ಉಳ್ಳಿಕ್ಕ್ ಎಂದಾ ವಿಲ?” ಎಂದು ಈರುಳ್ಳಿ ರೇಟು ಕೇಳುತ್ತಿದ್ದೆ. ಮನುಷ್ಯ ಎಷ್ಟೇ ಒರಟನಾದರೂ ರೇಟು ಕೇಳಿದರೆ ಒಂದು ಕ್ಷಣ ಯೋಚಿಸುತ್ತಾನೆ. ಮಾದೇವನಿಗೆ ಆ ಒಂದು ಕ್ಷಣ ಸಾಕು. ಒಬ್ಬ ಡಿಫೆಂಡರ್ ಮಾತ್ರ ಪಂದ್ಯವಿಡೀ ಉತ್ತರ ಕೊಡದೆ ನನಗೆ ಅಂಟಿಕೊಂಡಿದ್ದ. ಮುಗಿದ ಮೇಲೆ ಬಂದು ಕೈ ಕುಲುಕಿ ರೇಟು ಹೇಳಿದ. ಅವನದು ಬತ್ತೇರಿಯಲ್ಲಿ ಈರುಳ್ಳಿ ಅಂಗಡಿಯೇ.

ಇನ್ನು ನನ್ನ ದೊಡ್ಡ ಎಡವಟ್ಟಿನ ಕಥೆ. ಈ ಕಥೆಗೇ ಭವ್ಯ ಮೊದಲ ಸಲ ಹೊರಗೆ ಜಗಲಿಗೆ ಬಂದು ಕುಳಿತದ್ದು. ಅಲ್ಲಿಯವರೆಗೆ ಬಾಗಿಲ ಹಿಂದಿನಿಂದಲೇ ಕೇಳುತ್ತಿದ್ದಳು.

ಮೊದಮೊದಲು ಮೈದಾನದಲ್ಲೂ ಮಾದೇವ ಲಾರಿಯ ಹತ್ತಿರ ಕೂಗಿದಂತೆಯೇ “ಇಡ್ಕೊ” ಎಂದು ಕೂಗಿ ಚೆಂಡು ಕೊಡುತ್ತಿದ್ದ. ನಾನು ಕಷ್ಟಪಟ್ಟು ಕೈಗಳನ್ನು ಚಡ್ಡಿಗೆ ಒತ್ತಿ ಹಿಡಿದುಕೊಂಡು ಕಾಲು ಮುಂದೆ ಮಾಡುತ್ತಿದ್ದೆ. ಹೇಗೋ ನಡೆಯುತ್ತಿತ್ತು. ಒಂದು ಸೆಮಿಫೈನಲ್‌ನಲ್ಲಿ ಎದುರು ತಂಡದ ಗೋಲಿನ ಹಿಂದೆ ನಮ್ಮ ಗುರುತಿನ ಆ ಬತ್ತೇರಿ ಹಮಾಲಿಗಳು ಸೇರಿದ್ದರು. ಕೋಸು ಇಳಿಸುವಾಗ ನಮ್ಮ ಪದ್ಧತಿಯನ್ನು ವಾರವಾರ ನೋಡಿದ್ದವರು. ಮಾದೇವ ಚೆಂಡು ಎತ್ತಿ ಕೊಟ್ಟ. ಗೋಲು ಕಾಯುವ ಗೋಲಿ ಮುಂದೆ ಬಂದು ಬಿದ್ದಿದ್ದ. ಗೋಲು ಪೂರ್ತಿ ತೆರೆದಿತ್ತು, ನನ್ನ ಬೆನ್ನು ಗೋಲಿನ ಕಡೆಗಿತ್ತು. ಅಷ್ಟರಲ್ಲಿ ಹಿಂದಿನಿಂದ ಐದಾರು ಗಂಟಲುಗಳು ಒಟ್ಟಿಗೆ “ಇಡ್ಕೊ” ಅಂದವು.

ಹಿಡಿದುಕೊಂಡೆ. ಎರಡೂ ಕೈಯಲ್ಲಿ, ಎದೆಗೆ ಅಪ್ಪಿಕೊಂಡು. ಅಷ್ಟೇ ಆಗಿದ್ದರೆ ಮರ್ಯಾದೆ ಸ್ವಲ್ಪ ಉಳಿಯುತ್ತಿತ್ತು. ತಿರುಗಿ, ಬಗ್ಗಿ, ಚೆಂಡನ್ನು ಗೋಲುಕಂಬದ ಪಕ್ಕ ನೆಲದ ಮೇಲೆ ನಿಧಾನಕ್ಕೆ ಕೂರಿಸಿದೆ. ಸಾಲು ಜೋಡಿಸುವವನ ಹಾಗೆ.

ರೆಫರಿಗೆ ಸೀಟಿ ಊದಲು ಆಗಲಿಲ್ಲ. ನಗುತ್ತಾ ಮೊಣಕಾಲೂರಿ ಕುಳಿತುಬಿಟ್ಟ. ಹಂಸಾಕ ನಗಲಿಲ್ಲ. ಹಿಂದಿರುಗುವಾಗ ಲಾರಿಯಲ್ಲಿ ನಾವಿಬ್ಬರೂ ಖಾಲಿ ಕ್ರೇಟುಗಳ ನಡುವೆ ಕುಳಿತಿದ್ದೆವು.

“ಇನ್ಮೇಕೆ ಕೂಗಾಕಿಲ್ಲ ಕಣ್ಲಾ,” ಅಂದ ಮಾದೇವ.

“ಕೂಗ್ದಿದ್ರೆ ನಂಗೆಂಗ್ಲಾ ಗೊತ್ತಾಗದು?”

ಬಂಡೀಪುರ ಕಾಡಿನ ಮದ್ದೂರು ಗೇಟು ದಾಟಿದ ಮೇಲೆ ಅವನು ಒಂದು ಸಲ ಕೆಮ್ಮಿದ. “ಇಂಗೆ,” ಅಂದ.

ಅಂದಿನಿಂದ ನಮ್ಮ ಕೂಗು ಕೆಮ್ಮಾಯಿತು. ಚೆಂಡು ಕಾಲಿನಿಂದ ಬಿಡುವ ಮುನ್ನ ಎಡಗಡೆಯಿಂದ ಒಂದೇ ಒಂದು ಒಣ ಕೆಮ್ಮು. ಗ್ಯಾಲರಿಯಲ್ಲಿ ನೂರಾರು ಜನ ಅರಚುತ್ತಿದ್ದರೂ ಅದು ನನಗೆ ಕೇಳಿಸುತ್ತಿತ್ತು. ಕೆಮ್ಮಿದ್ದು ಕೇಳಿದರೆ ತಲೆ ಎತ್ತಿ ನೋಡುವ ಅಗತ್ಯವಿಲ್ಲ, ಹೋಗಬೇಕಾದ ಕಡೆಗೆ ಹೋದರೆ ಚೆಂಡು ಅಲ್ಲಿರುತ್ತಿತ್ತು. ಎದುರು ತಂಡದವರಿಗೆ ಕಡೆಯವರೆಗೂ ತಿಳಿಯಲಿಲ್ಲ. ಆ ಉದ್ದನೆಯವನಿಗೆ ಧೂಳು ಆಗುವುದಿಲ್ಲ ಎಂದುಕೊಂಡಿದ್ದರು. ಮುದುಕರೊಬ್ಬರು ಅವನಿಗೆ ಕಷಾಯದ ಪುಡಿ ಕೊಟ್ಟಿದ್ದರು. ಇದರಿಂದ ನನಗೆ ಒಂದು ತೊಂದರೆಯೂ ಆಯಿತು. ಮದುವೆ ಮನೆಯ ಪಂಕ್ತಿಯಲ್ಲಿ ಮಾದೇವ ಕೆಮ್ಮಿದರೂ ನನ್ನ ಬಲಗಾಲು ಏಳುತ್ತಿತ್ತು. ಅವನು ಬೇಕೆಂದೇ ಕೆಮ್ಮುತ್ತಿದ್ದ. ಹಾಗೆ ನಾನು ಒದ್ದ ಪಾಯಸದ ಬಕೆಟ್ಟಿಗೆ ಸಾಕ್ಷಿಗಳು ಇನ್ನೂ ಬದುಕಿದ್ದಾರೆ.

ಬಂಡೀಪುರದ ಕಾಡಿನ ರಸ್ತೆಗೆ ರಾತ್ರಿ ಗೇಟು ಹಾಕತೊಡಗಿದ ಮೇಲೆ ನಮ್ಮ ಆಟದ ರೀತಿಯೇ ಬದಲಾಯಿತು. ಒಂಬತ್ತಕ್ಕೆ ಗೇಟು ಬಿದ್ದರೆ ಬೆಳಿಗ್ಗೆಯವರೆಗೆ ಆಚೆಯೇ. ಬೆಳಿಗ್ಗೆ ಇಲ್ಲಿ ಲಾರಿ ತುಂಬುವ ಕೆಲಸ ತಪ್ಪಿಹೋಗುತ್ತದೆ. ಲಾರಿ ಡ್ರೈವರ್ ರಾಚಪ್ಪ ಆಟದ ವಿಷಯದಲ್ಲಿ ಕರುಣೆ ಇಲ್ಲದ ಮನುಷ್ಯ. ಗದ್ದೆಯ ಪಕ್ಕದಲ್ಲೇ ಲಾರಿ ನಿಲ್ಲಿಸಿಕೊಂಡು, ಮೊದಲ ಹಾರ್ನಿಗೆ ಬಟ್ಟೆ ತೆಗೆದುಕೊಳ್ಳಿ, ಎರಡನೇ ಹಾರ್ನಿಗೆ ಲಾರಿ ಹೊರಟಿತು ಅನ್ನುತ್ತಿದ್ದ.

ಒಂದು ಫೈನಲ್‌ನಲ್ಲಿ ಎರಡೂ ಕಡೆ ಗೋಲಿಲ್ಲದೆ ಹೊತ್ತು ಹೋಯಿತು. ಮೊದಲ ಹಾರ್ನು ಆಯಿತು. ನಾನು ಮಾದೇವನನ್ನು ನೋಡಿದೆ. ಅವನು ಆಗಲೇ ಪಂಚೆಯನ್ನು ಹೆಗಲಿಗೆ ಹಾಕಿಕೊಂಡು ಆಡುತ್ತಿದ್ದ. ಎರಡನೇ ಹಾರ್ನು ಆಯಿತು. ಲಾರಿ ಅಲುಗಿದ್ದು ಕಾಣಿಸಿತು. ಆ ಗದ್ದಲದಲ್ಲೇ ಕೆಮ್ಮು ಬಂತು, ಚೆಂಡು ಬಂತು, ತಲೆಯಿಂದ ತಳ್ಳಿದೆ. ಗೋಲಾಯಿತೋ ಇಲ್ಲವೋ ನೋಡಲಿಲ್ಲ. ಓಡುತ್ತಿದ್ದ ದಿಕ್ಕಿನಲ್ಲೇ ಗೋಲಿನ ಪಕ್ಕದಿಂದ ಹಾದು, ಬೇಲಿ ನುಸುಳಿ, ಹೊರಟ ಲಾರಿಯ ಹಿಂಬದಿ ಹಿಡಿದು ಹತ್ತಿದೆ. ಆ ಕಡೆಯಿಂದ ಮಾದೇವನೂ ಹತ್ತಿದ.

“ಬಿತ್ತಾ?” ಎಂದು ಕೇಳಿದೆ.

“ಬಿತ್ತು ಅಂತ ಕಾಣ್ತದೆ. ಎಲ್ರೂ ನಮ್ಮ ಇಂದೇನೇ ಓಡಿ ಬತ್ತಾವ್ರೆ.”

ತಬ್ಬಿಕೊಳ್ಳಲು ಓಡಿಬರುತ್ತಿದ್ದ ನಮ್ಮ ಐವರು ರಸ್ತೆಯವರೆಗೆ ಬಂದು ನಿಂತರು. ಉಳಿದ ಆಟವನ್ನು ಐದೇ ಜನ ಆಡಿ ಗೆದ್ದರು. ಮಾರನೆಯ ವಾರ ಖಾಲಿ ಕ್ರೇಟಿನಲ್ಲಿ ಕಪ್ಪು ಕಳಿಸಿದ ಹಂಸಾಕ, ನೀವಿಬ್ಬರು ಇಲ್ಲದೆ ಇದ್ದಾಗ ನಮ್ಮ ಡಿಫೆನ್ಸ್ ಬಹಳ ಚೆನ್ನಾಗಿತ್ತು ಎಂದು ಹೇಳಿ ಕಳಿಸಿದ. ರವೆ ತುಂಬಿರುವುದು ಆ ಕಪ್ಪಿನಲ್ಲೇ.

ಈಗ ಕಾಲ ಬದಲಾಗಿದೆ. ಮೈದಾನಕ್ಕೆ ಹಸಿರು ಕಂಬಳಿ ಹಾಸುತ್ತಾರೆ. ಬೂಟುಗಳು ಜಾತ್ರೆಯ ಮಿಠಾಯಿ ಬಣ್ಣದಲ್ಲಿ ಬರುತ್ತವೆ. ಫೋನಿನಲ್ಲಿ ಚಿತ್ರ ಹಿಡಿದು, ತಪ್ಪಿಸಿದ ಗೋಲನ್ನು ಮನೆಯವರಿಗೂ ತೋರಿಸುತ್ತಾರೆ. ನಮ್ಮ ತಪ್ಪುಗಳನ್ನು ನಾವು ಗದ್ದೆಯಲ್ಲೇ ಬಿಟ್ಟು ಬರುತ್ತಿದ್ದೆವು. ಎಲ್ಲಕ್ಕಿಂತ ಹೆಚ್ಚಾಗಿ, ಈಗಿನ ಫಾರ್ವರ್ಡ್ ಹಿಂದೆ ಬಂದು ಚೆಂಡು ಕಸಿದುಕೊಳ್ಳಬೇಕಂತೆ. ನಾನು ಹಾಗೆ ಹಿಂದೆ ಹೋಗಿದ್ದರೆ, ಪಾಪ ದಾರಿ ತಪ್ಪಿದ್ದಾನೆ ಎಂದು ಯಾರಾದರೂ ಕೈ ಹಿಡಿದು ಮುಂದೆ ತಂದು ಬಿಡುತ್ತಿದ್ದರು.

ಒಂದು ಸಂಜೆ ಈ ಕಥೆಗಳ ನಡುವೆ ಭವ್ಯ ಕೇಳಿದಳು, “ದೊಡ್ಡಪ್ಪ, ನೀವು ಯಾವತ್ತಾರ ಅಪ್ಪಂಗೆ ಪಾಸ್ ಕೊಟ್ಟಿದ್ರಾ?”

“ಇಲ್ಲ ಕಣಮ್ಮಿ.”

“ಬ್ಯಾರೆ ಯಾರ್ಗಾರ?”

“ಒಂದ್ಸಲ ಕೊಟ್ಟಿದ್ದೆ. ಕಾಲು ಜಾರಿತ್ತು.”

ಹೇಳಿಕೊಳ್ಳಲು ನನಗೆ ನಾಚಿಕೆಯೇನಿಲ್ಲ. ಲಾರಿಯ ಮೇಲೆ ನಿಂತವನು ಕೆಳಕ್ಕೆ ಕೋಸು ಎಸೆಯುವುದಿಲ್ಲ. ಆದರೆ ಅವಳಿಗೆ ಇನ್ನೊಂದು ವಿಷಯ ಹೇಳಿದೆ. ಒಂದು ಆಟದಲ್ಲಿ ಮಾದೇವನೇ ಗೋಲಿಯನ್ನೂ ದಾಟಿ ಖಾಲಿ ಗೋಲಿನ ಮುಂದೆ ಒಬ್ಬನೇ ನಿಂತಿದ್ದ. ಒದೆಯಲಿಲ್ಲ. ಚೆಂಡಿನ ಮೇಲೆ ಕಾಲಿಟ್ಟುಕೊಂಡು, ಹಿಂದಿನಿಂದ ನಡೆದು ಬರುತ್ತಿದ್ದ ನನಗಾಗಿ ಕಾದ. ಜನ ಹುಚ್ಚು ಹಿಡಿದವರಂತೆ ಕೂಗುತ್ತಿದ್ದರು. ನಾನು ಹತ್ತಿರ ಬಂದ ಮೇಲೆ ಕೆಮ್ಮಿ, ಮೆಲ್ಲಗೆ ನನ್ನ ಕಾಲಿಗೆ ತಳ್ಳಿದ. ಆಮೇಲೆ ಕೇಳಿದೆ.

“ಯಾನ್ಲಾ, ನೀನೇ ಒಡೀಬೋದಿತ್ತಲ್ವಾ?”

“ಒಡುದ್ರೆ ಎಲ್ರೂ ಬಂದು ತಬ್ಕತ್ತರೆ ಕಣ. ಬೆವ್ರು. ನಂಗಾಗಕ್ಕಿಲ್ಲ.”

ಭವ್ಯ ನಕ್ಕಳು. ನಕ್ಕು, ಸ್ವಲ್ಪ ಹೊತ್ತು ಅತ್ತಳು. ಒಳಗೆ ಹೋದಳು. ಅಟ್ಟದ ಮೇಲೆ ಸದ್ದಾಯಿತು. ಮೆತ್ತಗಿನ ಚೆಂಡನ್ನು ತಂದು ನನ್ನ ತೊಡೆಯ ಮೇಲಿಟ್ಟು, “ನೀವು ನಂಗೆ ಪಾಸ್ ಕೊಡ್ತೀನಿ ಅಂದ್ರೆ ಬತ್ತೀನಿ,” ಅಂದಳು.

ಪಂಪು ನನ್ನ ಜಗಲಿಯ ಮೇಲೆಯೇ ಇತ್ತು.

ಹೀಗೆ ಐವತ್ತು ದಾಟಿದ ಮೇಲೆ ನಾನು ಚೆಂಡು ಕೊಡುವುದನ್ನು ಕಲಿಯಲು ಹೊರಟೆ. ಎಡಗಾಲಿನಲ್ಲಿ ಒದೆಯಲು ಆಗುವುದಿಲ್ಲ, ಹಾಗಾಗಿ ಬಲಗಡೆಯ ಗೆರೆಯ ಹತ್ತಿರ ನಿಂತೆ. ಮೊದಲನೇ ಒದೆತ ಮೈದಾನದ ಹೊರಗೆ ಕಬ್ಬಿನ ಹಾಲಿನ ಗಾಡಿಗೆ ಬಿತ್ತು. ಗಾಡಿಯವನು ಚೆಂಡು ವಾಪಸು ಎಸೆಯುತ್ತಾ, “ನಂಜುಂಡಣ್ಣ, ಗೋಲು ಆ ಕಡೆ ಅದೆ,” ಅಂದ. ಉಳಿದವು ಭವ್ಯಳ ತಲೆಯ ಮೇಲೆ ಹಾರಿ, ಆಚೆ ಎಡ ಮೂಲೆಯಲ್ಲಿ ಬೀಳುತ್ತಿದ್ದವು. ನನಗೆ ಓಡಿಹೋಗಿ ತರುವ ಶಕ್ತಿಯಿಲ್ಲ. ಅವಳೇ ಓಡಿಹೋಗಬೇಕು. ನಡೆದುಕೊಂಡು ವಾಪಸು ತರುವಷ್ಟು ತಾಳ್ಮೆ ಆ ಹುಡುಗಿಗಿಲ್ಲ. ಅಲ್ಲಿಂದಲೇ ಎತ್ತಿ ಒದ್ದು ನನ್ನ ಕಡೆಗೆ ಕಳಿಸುತ್ತಿದ್ದಳು.

“ದೊಡ್ಡಪ್ಪ, ನೀವು ಕೊಡ್ತಿರೋದು ಪಾಸಾ, ಪೋಸ್ಟಾ?”

“ತಲುಪ್ತಲ್ಲ, ಬುಡು.”

ಆಯ್ಕೆಯ ದಿನದವರೆಗೂ ಹೀಗೇ ನಡೆಯಿತು. ಬೈಗಿನ ಹೊತ್ತಿಗೆ ಅವಳು ಗೋಲಿಗೆ ಒದ್ದದ್ದಕ್ಕಿಂತ ಎಡ ಮೂಲೆಯಿಂದ ಒದ್ದದ್ದೇ ಹೆಚ್ಚಾಗಿರುತ್ತಿತ್ತು. ಶಿವಮ್ಮ ಒಂದು ಸಲ ನೋಡಲು ಬಂದವಳು, “ಇದ್ಯಾನ ಭಾವ, ಅವಳ್ನ ಚೆಂಡು ಒಡಿಯಕೆ ಕರ್ಕಬಂದ್ರಾ, ಎತ್ಕೊಡಕೆ ಕರ್ಕಬಂದ್ರಾ?” ಎಂದು ಕೇಳಿದಳು. ಹುಡುಗಿಯ ಅವಕಾಶವನ್ನು ನಾನೇ ಹಾಳು ಮಾಡುತ್ತಿದ್ದೇನೆ ಎಂಬ ಭಯ ನನಗೆ ಆಗಲೇ ಹತ್ತಿತ್ತು.

ಚಾಮರಾಜನಗರಕ್ಕೆ ಬೆಳಿಗ್ಗೆಯ ಬಸ್ಸಿನಲ್ಲಿ ಮೂವರೂ ಹೋದೆವು. ಶಿವಮ್ಮ ಚಿತ್ರಾನ್ನ ಕಟ್ಟಿಕೊಂಡಿದ್ದಳು. ಮೈದಾನದಲ್ಲಿ ಹುಡುಗಿಯರನ್ನು ಎರಡು ತಂಡ ಮಾಡಿ ಆಡಿಸಿದರು. ಭವ್ಯಳನ್ನು ಕೇಳಿದಂತೆಯೇ ಮಧ್ಯದಲ್ಲಿ ನಿಲ್ಲಿಸಿದರು. ನಾನು ಮೆಟ್ಟಿಲ ಮೇಲೆ ಕುಳಿತು, ಓಡಬೇಡ, ನಿಲ್ಲು, ಬೇಜಾರಾದವಳ ಹಾಗೆ ನಿಲ್ಲು ಎಂದು ಕೈಸನ್ನೆ ಮಾಡುತ್ತಿದ್ದೆ. ಅವಳು ಹಾಗೆಯೇ ನಿಂತಳು. ಬಹಳ ಚೆನ್ನಾಗಿ ನಿಂತಳು. ಚೆಂಡು ಮಾತ್ರ ಬರಲಿಲ್ಲ. ಅವಳ ಕಡೆ ಎಲ್ಲರೂ ತಾವೇ ಗೋಲು ಹೊಡೆಯಬೇಕೆಂದು ಬಂದವರು. ಒಬ್ಬಳೂ ಇನ್ನೊಬ್ಬಳಿಗೆ ಕೊಡುತ್ತಿರಲಿಲ್ಲ. ಎಲ್ಲರೂ ನನ್ನ ಶಿಷ್ಯೆಯರಂತೆ ಕಂಡರು.

ಅರ್ಧ ಆಟ ಮುಗಿಯಿತು. ಶಿವಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ಎರಡನೇ ಅರ್ಧದಲ್ಲಿ ಯಾರೋ ಒದ್ದ ಚೆಂಡು ದಿಕ್ಕು ತಪ್ಪಿ ಎಡ ಮೂಲೆಗೆ ಹೋಯಿತು. ನನ್ನ ಒದೆತದ ಹಾಗೆಯೇ. ಭವ್ಯ ಅಭ್ಯಾಸಬಲದಿಂದ ಅದರ ಹಿಂದೆ ಓಡಿದಳು. ಗೆರೆ ದಾಟುವ ಮುಂಚೆ ಹಿಡಿದು, ತಿರುಗಿ, ಪಾದದಲ್ಲಿ ಸ್ವಲ್ಪ ಹೊರಳಿಸಿದಳು. ಆ ಹೊರಳಿಸುವಿಕೆ ನೋಡಿದ ಕೂಡಲೇ ನಾನು ಮೆಟ್ಟಿಲ ಮೇಲೆ ಎದ್ದು ನಿಂತೆ. ಎತ್ತಿ ಒದ್ದಳು. ಮಧ್ಯದಲ್ಲಿ ಸುಮ್ಮನೆ ನಿಂತಿದ್ದ ಯಳಂದೂರು ಕಡೆಯ ಒಬ್ಬ ಹುಡುಗಿಯ ಹಣೆಗೆ ಚೆಂಡು ಬಿದ್ದು ಗೋಲಾಯಿತು. ಆ ಹುಡುಗಿಗೆ ಏನಾಯಿತೆಂದೇ ತಿಳಿಯಲಿಲ್ಲ, ಹಣೆ ಮುಟ್ಟಿ ನೋಡಿಕೊಂಡಳು. ಆಮೇಲೆ ಭವ್ಯ ಮಧ್ಯಕ್ಕೆ ವಾಪಸು ಬರಲಿಲ್ಲ. ಎಡಗಡೆಯೇ ಉಳಿದಳು. ಇನ್ನೆರಡು ಚೆಂಡು ಹಾಗೆಯೇ ಬಂದವು, ಒಂದು ಗೋಲಾಯಿತು.

ಮುಗಿದ ಮೇಲೆ ಆಯ್ಕೆ ಮಾಡುತ್ತಿದ್ದ ಮೇಡಂ ಅವಳನ್ನು ಕರೆದು, “ನೀನು ಸೆಂಟರ್ ಫಾರ್ವರ್ಡ್ ಅಲ್ವೇನಮ್ಮ? ಎಡಗಡೆ ಯಾಕೆ ಹೋದೆ?” ಎಂದು ಕೇಳಿದರು.

“ಮದ್ಯಕ್ಕೆ ಚೆಂಡೇ ಬರ್ನಿಲ್ಲ ಮೇಡಂ. ಯಾರಾದ್ರೂ ಕೊಡ್ಬೇಕಲ್ವಾ,” ಅಂದಳು ಭವ್ಯ.

ಆಯ್ಕೆಯಾದಳು. ಸೆಂಟರ್ ಫಾರ್ವರ್ಡ್ ಆಗಿ ಅಲ್ಲ, ಎಡಗಡೆಯ ಆಟಗಾರ್ತಿಯಾಗಿ. ಹೆಸರು ಕೂಗಿದಾಗ ಶಿವಮ್ಮ ಚಿತ್ರಾನ್ನದ ಡಬ್ಬಿಯನ್ನು ಅಪ್ಪಿಕೊಂಡು ಕುಳಿತೇ ಇದ್ದಳು. ನನಗೆ ಮೊದಲು ಕೋಪ ಬಂತು. ಇಷ್ಟು ದಿನ ನಿಲ್ಲುವುದನ್ನು ಕಲಿಸಿದ್ದು ನಾನು, ಹುಡುಗಿ ಹೋಗಿ ಸೇರಿಕೊಂಡದ್ದು ಮಾದೇವನ ಕಡೆಗೆ. ಬಸ್ಸಿನಲ್ಲಿ ಅದನ್ನೇ ಹೇಳಿದೆ.

“ನೀವೇ ದಿನಾ ಆ ಮೂಲೇಗ್ ಓಡಿಸ್ತಿದ್ರಲ್ಲ ದೊಡ್ಡಪ್ಪ,” ಅಂದಳು. “ಇನ್ಮೇಕೆ ನೀವು ಮದ್ಯಕ್ ಬನ್ನಿ. ನಾನು ಚೆಂಡ ಕೊಡಕೆ ಅಲ್ಲೊಬ್ರು ಬೇಕು.”

ಹಾಗಾಗಿ ನಾನು ಮತ್ತೆ ಕೆಲಸಕ್ಕೆ ಸೇರಿದ್ದೇನೆ. ಸಂಜೆ ಗೋಲಿನ ಮುಂದೆ ಸೊಂಟಕ್ಕೆ ಕೈ ಕೊಟ್ಟು ಬಸ್ಸಿಗೆ ಕಾಯುವವನ ಹಾಗೆ ನಿಲ್ಲುತ್ತೇನೆ. ಓಡುವಂತಿಲ್ಲ, ಓಡುವ ಅಗತ್ಯವೂ ಇಲ್ಲ, ಚೆಂಡು ನಾನು ಇರುವಲ್ಲಿಗೇ ಬರುತ್ತದೆ. ಆದರೂ ಪ್ರತಿ ಸಲ ಅರ್ಧ ಹೆಜ್ಜೆ ತಡವಾಗುತ್ತೇನೆ. ಕಬ್ಬಿನ ಹಾಲಿನವನು ಮೊಣಕಾಲಿನ ದೋಷ ಅನ್ನುತ್ತಾನೆ. ಭವ್ಯಳಿಗೆ ಕಾರಣ ಗೊತ್ತು. ಒಂದು ದಿನ ಗೆರೆಯ ಹತ್ತಿರದಿಂದಲೇ, “ಕೆಮ್ಮಲಾ ದೊಡ್ಡಪ್ಪ?” ಎಂದು ಕೇಳಿದಳು.

“ಬ್ಯಾಡ ಕಣಮ್ಮಿ. ನೀನು ಒಡಿ,” ಅಂದೆ.

ಒದ್ದಳು. ಚೆಂಡು ಸರಿಯಾಗಿಯೇ ಬರುತ್ತದೆ, ಅವರಪ್ಪ ಕೊಟ್ಟಷ್ಟೇ ಸರಿಯಾಗಿ. ಎಡಗಡೆಯಿಂದ ಕೆಮ್ಮು ಬರುವುದಿಲ್ಲ.